ಚಿಲ್ಲರೆಯಲ್ಲಿ ಸಿಕ್ಕ ನಾಣ್ಯಕ್ಕೆ ನಿಜಕ್ಕೂ ಬೆಲೆ ಬರುವುದು ಯಾವಾಗ?

ವೈಷ್ಣೋದೇವಿಯ ಚಿತ್ರವಿರುವ ಹತ್ತು ರೂಪಾಯಿ ನಾಣ್ಯ ನಿಮ್ಮಲ್ಲಿದ್ದರೆ ಲಕ್ಷಗಟ್ಟಲೆ ದುಡ್ಡು ಬರುತ್ತದೆ ಎನ್ನುವ ವಿಡಿಯೊ ನಿಮ್ಮ ಮನೆಯವರ ವಾಟ್ಸ್ಯಾಪ್ ಗುಂಪಿಗೂ ಒಂದಲ್ಲ ಒಂದು ದಿನ ಬಂದೇ ಇರುತ್ತದೆ. ಆ ನಾಣ್ಯ ಇರುವುದು ನಿಜ. ವೈಷ್ಣೋದೇವಿ ದೇವಸ್ಥಾನ ಮಂಡಳಿಯ ಬೆಳ್ಳಿಹಬ್ಬಕ್ಕೆಂದು 2012ರಲ್ಲಿ ಸರ್ಕಾರ ಐದು ಮತ್ತು ಹತ್ತು ರೂಪಾಯಿ ನಾಣ್ಯಗಳನ್ನು ಹೊರಡಿಸಿತು. ಆದರೆ ಲಕ್ಷದ ಮಾತು ಶುದ್ಧ ಸುಳ್ಳು. ಬಳಸಿ ಸವೆದ ಅಂಥ ನಾಣ್ಯವನ್ನು ಯಾವುದೇ ನಾಣ್ಯ ಮೇಳದಲ್ಲಿ ಸಣ್ಣ ನೋಟು ಕೊಟ್ಟು ಕೊಳ್ಳಬಹುದು. ಅದಕ್ಕೆ ಅಷ್ಟಾದರೂ ಬೆಲೆ ಇರುವುದು ಭಕ್ತರು ಕೇಳಿ ಕೊಳ್ಳುವುದರಿಂದ.

ಹಾಗಂತ ಜೇಬಿನ ಚಿಲ್ಲರೆಯಲ್ಲಿ ಏನೂ ಇಲ್ಲ ಎಂದಲ್ಲ. ಇದೆ, ಆದರೆ ವಿಡಿಯೊದವರು ತೋರಿಸುವ ಜಾಗದಲ್ಲಿಲ್ಲ. ಹೊಸದಾಗಿ ಸಂಗ್ರಹಕ್ಕಿಳಿದವರು ಮೊದಲು ಚಿತ್ರ ನೋಡುತ್ತಾರೆ: ಯಾರ ಮುಖ ಇದೆ, ಯಾವ ದೇವರಿದೆ, ಯಾವ ಇಸವಿಯದು ಎಂದು. ಪಳಗಿದವರು ನೋಡುವುದು ಬೇರೆ: ನಾಣ್ಯ ಯಾವ ಟಂಕಸಾಲೆಯಲ್ಲಿ, ಯಾವ ಲೋಹದಲ್ಲಿ, ಹೇಗೆ ಅಚ್ಚಾಯಿತು, ಆಮೇಲೆ ಎಷ್ಟು ಸವೆದಿದೆ. ಬೆಲೆಯ ಗುಟ್ಟೆಲ್ಲ ಇಷ್ಟೇ: ಈ ಸ್ಥಿತಿಯಲ್ಲಿ ಇಂಥದ್ದು ಎಷ್ಟು ಉಳಿದಿವೆ, ಅದನ್ನು ಬೇಕು ಅನ್ನುವವರು ಎಷ್ಟು ಜನ. ಹಳೆಯದು ಎನ್ನುವುದೊಂದೇ ಕಾರಣಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಕೋಟಿಗಟ್ಟಲೆ ಅಚ್ಚಾದ ನಾಲ್ಕಾಣೆಗಳನ್ನು ಈಗಲೂ ಕಿಲೋ ಲೆಕ್ಕದಲ್ಲಿ ಮಾರುವವರಿದ್ದಾರೆ.

ಇಸವಿಯ ಕೆಳಗಿನ ಚುಕ್ಕೆ

ಒಂದು ನಾಣ್ಯ ಕೈಗೆತ್ತಿಕೊಳ್ಳಿ, ಇಸವಿ ಹುಡುಕಿ, ಅದರ ಕೆಳಗೆ ಕಣ್ಣಿಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾದ ಝೂಮ್ ಸಾಕು.

ದೇಶದಲ್ಲಿ ಈಗ ನಾಲ್ಕು ಟಂಕಸಾಲೆಗಳಿವೆ: ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾ. ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬೈಯದು. ಐದು ಮೂಲೆಯ ನಕ್ಷತ್ರ ಇದ್ದರೆ ಹೈದರಾಬಾದಿನದು. ದುಂಡು ಚುಕ್ಕೆ ಇದ್ದರೆ ನೋಯ್ಡಾದ್ದು. ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಹೈದರಾಬಾದಿನ ಹಳೆಯ ನಾಣ್ಯಗಳಲ್ಲಿ ನಕ್ಷತ್ರದ ಬದಲು ಸೀಳಿದ ವಜ್ರ, ಒಳಗೆ ಚುಕ್ಕೆ ಇರುವ ವಜ್ರ ಇವೂ ಕಾಣುತ್ತವೆ. ಇವುಗಳಲ್ಲಿ ನೋಯ್ಡಾ ತೀರಾ ಈಚಿನದು, 1988ರಲ್ಲಿ ಶುರುವಾದದ್ದು. ಹೈದರಾಬಾದಿನ ಟಂಕಸಾಲೆಯ ಮೂಲ ನಿಜಾಮರ ಕಾಲದ್ದು.

ಇದರಿಂದ ಏನು ಉಪಯೋಗ? ಒಂದೇ ಇಸವಿಯ ಒಂದೇ ಮುಖಬೆಲೆಯ ನಾಣ್ಯವನ್ನು ಒಂದು ಟಂಕಸಾಲೆ ಕೋಟಿಗಟ್ಟಲೆ ಹೊಡೆದಿರಬಹುದು, ಇನ್ನೊಂದು ಕೆಲವೇ ಲಕ್ಷ ಹೊಡೆದು ನಿಲ್ಲಿಸಿರಬಹುದು. ನೋಡಲು ಎರಡೂ ಒಂದೇ, ನಡುವೆ ಇರುವುದು ಸಾಸಿವೆಯಷ್ಟು ಗುರುತು. ಸಂಗ್ರಾಹಕರು 'ಇಸವಿ ಮತ್ತು ಗುರುತು' ಎರಡನ್ನೂ ಸೇರಿಸಿ ಒಂದು ಜೋಡಿಯಾಗಿ ಲೆಕ್ಕ ಹಿಡಿಯುತ್ತಾರೆ. ಒಂದು ಸರಣಿಯಲ್ಲಿ ಎಲ್ಲ ಜೋಡಿಗಳನ್ನೂ ತುಂಬಿಸುವ ಹಟ ಇರುವವರಿಗೆ ಕೊನೆಗೆ ಸಿಗದೆ ಉಳಿಯುವ ಒಂದೆರಡು ಜೋಡಿಗಳಿರುತ್ತವಲ್ಲ, ಬೆಲೆ ಬರುವುದು ಅವಕ್ಕೆ. ಸರಣಿ ಶುರುವಾದ ಮತ್ತು ಮುಗಿದ ವರ್ಷಗಳಲ್ಲಿ ಇಂಥವು ಹೆಚ್ಚು. ಹನ್ನೊಂದು ಮೂಲೆಯ ಕ್ಯೂಪ್ರೊನಿಕಲ್ (ತಾಮ್ರ, ನಿಕಲ್ ಬೆರೆತ ಲೋಹ) ಎರಡು ರೂಪಾಯಿ 1990ರ ದಶಕದ ಶುರುವಿನಿಂದ 2004ರವರೆಗೆ ಬಂತು. ನಿಮಗೆ 1998, 2001, 2002 ಬೇಕಾದಷ್ಟು ಸಿಗುತ್ತವೆ, 2004 ಎಂದು ಬರೆದದ್ದು ಸಿಕ್ಕರೆ ಬೇರೆ ಎತ್ತಿಡಿ.

ಇನ್ನು ಹೊರದೇಶದ ಟಂಕಸಾಲೆಗಳ ಕತೆ. 1980ರ ದಶಕದಲ್ಲಿ ದೇಶದಲ್ಲಿ ಚಿಲ್ಲರೆಗೆ ಭಾರಿ ಬರ ಬಂದಾಗ ಸರ್ಕಾರ ನಾಣ್ಯಗಳನ್ನು ಹೊರಗಿನಿಂದ ಹೊಡೆಸಿ ತರಿಸಿತು. 1985ರ ಒಂದು ರೂಪಾಯಿಯ ಇಸವಿಯ ಕೆಳಗೆ ಇಂಗ್ಲಿಷಿನ 'ಎಚ್' ಇದ್ದರೆ ಅದು ಬರ್ಮಿಂಗ್‌ಹ್ಯಾಮ್‌ನ ಹೀಟನ್ ಟಂಕಸಾಲೆಯದು. ಅದೇ ದಶಕದ 25, 50 ಪೈಸೆಗಳಲ್ಲಿ 'ಸಿ' ಇದ್ದರೆ ಕೆನಡಾದ್ದು. ಎಲ್ಲರೂ ಎಡವುವುದು ಇಲ್ಲೊಂದು ಕಡೆ. 1985ರ 50 ಪೈಸೆಯಲ್ಲಿ ನಕ್ಷತ್ರ ಕಂಡ ತಕ್ಷಣ ಹೈದರಾಬಾದು ಅನ್ನಬೇಡಿ. ನಕ್ಷತ್ರ ಇಸವಿಯ ಮೊದಲ ಅಂಕಿ, ಅಂದರೆ 1ರ ಕೆಳಗೆ ಕೂತಿದ್ದರೆ ಅದು ದಕ್ಷಿಣ ಕೊರಿಯಾದಲ್ಲಿ ಹೊಡೆದದ್ದು. ಅದೇ ವರ್ಷದ ರೂಪಾಯಿಯಲ್ಲಿ ಮೊದಲ ಅಂಕಿಯ ಕೆಳಗೆ ಪುಟ್ಟ ವಜ್ರ ಇದ್ದರೆ ಅದು ಮುಂಬೈಯದಲ್ಲ, ಬ್ರಿಟನ್ನಿನ ರಾಯಲ್ ಮಿಂಟ್‌ನದು. ಗುರುತು ಯಾವುದು ಎನ್ನುವಷ್ಟೇ ಮುಖ್ಯ ಅದು ಎಲ್ಲಿದೆ ಎನ್ನುವುದು. 1990ರ ದಶಕದ ಕೊನೆಗೆ ಮತ್ತೆ ತರಿಸಿದರು: 'ಎಂ' ಅಕ್ಷರದ ಜೊತೆ ಪುಟ್ಟ 'ಓ' ಇರುವುದು ಮೆಕ್ಸಿಕೊ ಸಿಟಿಯದು, 'ಎಂಕೆ' ಎಂದಿರುವುದು ಸ್ಲೊವಾಕಿಯಾದ ಕ್ರೆಮ್ನಿಟ್ಸದ್ದು, 'ಎಂಎಂಡಿ' ಎನ್ನುವ ಗುರುತಿನ ಐದು ರೂಪಾಯಿ ಮಾಸ್ಕೋದ್ದು.

'ಎಚ್' ಗುರುತಿನ ರೂಪಾಯಿಗೆ ಲಕ್ಷಾಂತರ ಸಿಗುತ್ತದೆ ಎನ್ನುವ ಸುದ್ದಿಯೂ ಆಗಾಗ ಹರಿದಾಡುತ್ತದೆ. ನಂಬಬೇಡಿ. ಹೊರಗಿನಿಂದ ತರಿಸಿದ್ದೇ ಚಿಲ್ಲರೆಯ ಬರ ನೀಗಿಸಲು. ಬರ ನೀಗಿಸಲು ತರಿಸಿದ ನಾಣ್ಯ ಅಪರೂಪ ಹೇಗಾದೀತು? ಆದರೆ ಕಂಡಕ್ಟರ್ ಕೊಟ್ಟ ಚಿಲ್ಲರೆಯಲ್ಲಿ ಮಾಸ್ಕೋ, ಮೆಕ್ಸಿಕೊ ಸಿಗುವುದೇ ಒಂದು ಮಜ. ಈ ಹವ್ಯಾಸ ಶುರುಮಾಡಲು ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ಲೋಹ, ತೂಕ, ಆಯಸ್ಕಾಂತ

ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಒಂದು ಆಯಸ್ಕಾಂತ ಮತ್ತು ಅಕ್ಕಸಾಲಿಗರು ಬಳಸುವಂಥ ಸಣ್ಣ ಡಿಜಿಟಲ್ ತಕ್ಕಡಿ, ಇವೆರಡಿದ್ದರೆ ಅರ್ಧ ಪರೀಕ್ಷೆ ಮುಗಿದಂತೆ.

ಒಂದು ರೂಪಾಯಿಯನ್ನೇ ತೆಗೆದುಕೊಳ್ಳಿ. 1962ರಿಂದ 1974ರವರೆಗಿನದು ಶುದ್ಧ ನಿಕಲ್, 10 ಗ್ರಾಂ, ಆಯಸ್ಕಾಂತಕ್ಕೆ ಅಂಟುತ್ತದೆ. 1975ರಿಂದ ಕ್ಯೂಪ್ರೊನಿಕಲ್, 8 ಗ್ರಾಂ, ಅಂಟುವುದಿಲ್ಲ. 1983ರಿಂದ ಅದನ್ನೇ ಕುಗ್ಗಿಸಿ 6 ಗ್ರಾಂ ಮಾಡಿದರು. 1992ರಿಂದ ಸ್ಟೇನ್‌ಲೆಸ್ ಸ್ಟೀಲು, 4.85 ಗ್ರಾಂ, ಮತ್ತೆ ಅಂಟುತ್ತದೆ. 2011ರ ನಂತರದ್ದು 3.79 ಗ್ರಾಂ. ರೂಪಾಯಿ ಬಡವಾದ ಕತೆಯನ್ನು ತಕ್ಕಡಿಯೇ ಹೇಳುತ್ತದೆ. ಲೋಹದ ಬೆಲೆ ಮುಖಬೆಲೆಯನ್ನು ಮುಟ್ಟಿದಾಗಲೆಲ್ಲ ಸರ್ಕಾರ ನಾಣ್ಯವನ್ನು ಹಗುರ ಮಾಡಬೇಕಾಗುತ್ತದೆ, ಇಲ್ಲದಿದ್ದರೆ ಜನ ಕರಗಿಸಿಬಿಡುತ್ತಾರೆ. 9 ಗ್ರಾಂ ತೂಗುತ್ತಿದ್ದ ದಪ್ಪನೆಯ ಕ್ಯೂಪ್ರೊನಿಕಲ್ ಐದು ರೂಪಾಯಿ ಬಾಂಗ್ಲಾದೇಶಕ್ಕೆ ಕಳ್ಳಸಾಗಣೆಯಾಗಿ ಅಲ್ಲಿ ಶೇವಿಂಗ್ ಬ್ಲೇಡ್ ಆಗುತ್ತಿದೆ ಎಂದು ಪತ್ರಿಕೆಗಳಲ್ಲಿ ಸುದ್ದಿಯಾಗಿದ್ದು ಹಲವರಿಗೆ ನೆನಪಿರಬಹುದು. ಅಂದಹಾಗೆ, ಚಲಾವಣೆಯ ನಾಣ್ಯವನ್ನು ಕರಗಿಸುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ, ಏಳು ವರ್ಷದವರೆಗೆ ಜೈಲಾಗಬಹುದು.

ಆಯಸ್ಕಾಂತ ಇನ್ನೊಂದಕ್ಕೂ ಬೇಕು. ಒಂದು ಮುಖಬೆಲೆಯ ನಾಣ್ಯ ತಪ್ಪಿ ಇನ್ನೊಂದು ಮುಖಬೆಲೆಗೆಂದು ಕತ್ತರಿಸಿಟ್ಟ ಬೋಳು ಬಿಲ್ಲೆಯ ಮೇಲೆ ಅಚ್ಚಾಗುವುದು ಅಪರೂಪಕ್ಕೆ ನಡೆಯುತ್ತದೆ. ಅಂಟಬೇಕಾದ ನಾಣ್ಯ ಅಂಟದಿದ್ದರೆ, ಅಂಟಬಾರದ್ದು ಅಂಟಿದರೆ, ತೂಕದಲ್ಲಿ ಅರ್ಧ ಗ್ರಾಮಿಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಆ ನಾಣ್ಯವನ್ನು ಡಬ್ಬಿಗೆ ಮರಳಿ ಹಾಕಬೇಡಿ. ಅದು ಟಂಕಸಾಲೆಯ ತಪ್ಪು ಆಗಿರಬಹುದು. ಖೋಟಾ ನಾಣ್ಯವೂ ಆಗಿರಬಹುದು, ಆ ಸಾಧ್ಯತೆಯೇ ಹೆಚ್ಚು.

ತಪ್ಪಾಗಿ ಅಚ್ಚಾದವು

ಜೇಬಿನ ಚಿಲ್ಲರೆಯಲ್ಲಿ ಮುಖಬೆಲೆಯ ಹತ್ತಾರು, ನೂರಾರು ಪಟ್ಟು ಬೆಲೆ ತರಬಲ್ಲದ್ದು ಏನಾದರೂ ಇದ್ದರೆ ಅದು ತಪ್ಪಾಗಿ ಅಚ್ಚಾದ ನಾಣ್ಯ. ಸಂಗ್ರಾಹಕರ ಬಾಯಲ್ಲಿ ಇವು 'ಎರರ್ ಕಾಯಿನ್'. ಮೋಸ, ಭ್ರಮೆ ಎರಡೂ ಹೆಚ್ಚು ಇರುವುದು ಇಲ್ಲೇ. ಬಿಡಿಸಿಕೊಳ್ಳಲು ಇರುವ ದಾರಿ ಒಂದೇ, ನಾಣ್ಯ ತಯಾರಾಗುವ ಬಗೆ ತಿಳಿದುಕೊಳ್ಳುವುದು.

ಮೊದಲು ಲೋಹದ ಉದ್ದನೆಯ ಪಟ್ಟಿಯಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಬಿಲ್ಲೆಯ ಅಂಚನ್ನು ಒತ್ತಿ ಸ್ವಲ್ಪ ಎತ್ತರಿಸುತ್ತಾರೆ, ಕಾಯಿಸಿ ಮೆದು ಮಾಡುತ್ತಾರೆ, ತೊಳೆಯುತ್ತಾರೆ. ಆಮೇಲೆ ಬಿಲ್ಲೆ ಯಂತ್ರದೊಳಗೆ ಒಂದು ಉಕ್ಕಿನ ಬಳೆಯ ಮಧ್ಯೆ ಕೂರುತ್ತದೆ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು. ಟನ್ನುಗಟ್ಟಲೆ ಭಾರದಲ್ಲಿ ಒಂದೇ ಏಟು, ಎರಡೂ ಬದಿಯ ಚಿತ್ರ ಮತ್ತು ಅಂಚಿನ ಗೆರೆಗಳು ಒಟ್ಟಿಗೆ ಮೂಡುತ್ತವೆ. ನಿಮಿಷಕ್ಕೆ ನೂರಾರು ನಾಣ್ಯ ಹೊರಬೀಳುತ್ತವೆ. ನಿಜವಾದ ತಪ್ಪು ಈ ಹಂತಗಳಲ್ಲಿ ಎಲ್ಲಾದರೊಂದು ಕಡೆ ಆಗಿರಬೇಕು. ಯಾವ ಹಂತದಲ್ಲಿ ಹೇಗೆ ಆಯಿತು ಎಂದು ಹೇಳಲು ಆಗದ ವಿಚಿತ್ರವೆಲ್ಲ ಸಾಮಾನ್ಯವಾಗಿ ಟಂಕಸಾಲೆಯ ಹೊರಗೆ ಆದದ್ದು.

ಒಂದು ಬದಿ ಕಮಾನಿನಂತೆ ಕಚ್ಚಿ ಹೋದ ನಾಣ್ಯ ನೋಡಿದ್ದೀರಾ? ಹಪ್ಪಳದ ಹಿಟ್ಟನ್ನು ದೊಡ್ಡದಾಗಿ ಲಟ್ಟಿಸಿ ಡಬ್ಬಿಯ ಮುಚ್ಚಳದಿಂದ ದುಂಡಗೆ ಕತ್ತರಿಸುವಾಗ, ಮುಚ್ಚಳ ಮೊದಲೇ ಕತ್ತರಿಸಿದ ತೂತಿನ ಮೇಲೆ ಸ್ವಲ್ಪ ಬಿದ್ದರೆ ಹಪ್ಪಳದ ಒಂದು ಬದಿ ಅರ್ಧಚಂದ್ರದಂತೆ ಖಾಲಿಯಾಗುತ್ತದಲ್ಲ, ಇದೂ ಹಾಗೆಯೇ. ಲೋಹದ ಪಟ್ಟಿ ಮುಂದೆ ಸರಿಯುವುದು ತುಸು ತಡವಾಗಿರುತ್ತದೆ. ಇದನ್ನು ಕಂಡು ಯಾರಾದರೂ ಅರದಿಂದ ಉಜ್ಜಿ ನಕಲು ಮಾಡಬಹುದು. ಕಂಡುಹಿಡಿಯುವುದು ಹೀಗೆ: ಕಚ್ಚಿದ ಜಾಗಕ್ಕೆ ಸರಿಯಾಗಿ ಎದುರು ಬದಿಯ ಅಂಚನ್ನು ನೋಡಿ. ಅಂಚು ಎತ್ತರಿಸುವ ಯಂತ್ರದಲ್ಲಿ ಬಿಲ್ಲೆಗೆ ಎರಡೂ ಕಡೆಯಿಂದ ಒತ್ತಡ ಬೀಳಬೇಕು. ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರು ಕಡೆಯೂ ಒತ್ತಡ ಸಾಲದೆ ಅಂಚು ಮಂಕಾಗಿ, ಚಪ್ಪಟೆಯಾಗಿ ಉಳಿಯುತ್ತದೆ. ಎದುರು ಬದಿಯ ಅಂಚು ಗಟ್ಟಿಯಾಗಿ ಎದ್ದು ನಿಂತಿದ್ದರೆ ಅನುಮಾನಿಸಿ. ಕಚ್ಚಿದ ಜಾಗದ ಹತ್ತಿರದ ಅಕ್ಷರಗಳೂ ನಿಜವಾದದ್ದರಲ್ಲಿ ಆ ಖಾಲಿಯ ಕಡೆಗೆ ಸ್ವಲ್ಪ ಹರಿದಂತೆ, ಎಳೆದಂತೆ ಇರುತ್ತವೆ. ಅರದಿಂದ ಉಜ್ಜಿದ್ದರಲ್ಲಿ ಅಕ್ಷರ ಕತ್ತರಿಸಿದಂತೆ ತಟ್ಟನೆ ನಿಲ್ಲುತ್ತದೆ.

ಬಿಲ್ಲೆ ಬಳೆಯೊಳಗೆ ಸರಿಯಾಗಿ ಕೂರದೆ ಪಕ್ಕಕ್ಕೆ ಸರಿದಿದ್ದಾಗ ಏಟು ಬಿದ್ದರೆ ಚಿತ್ರ ಒಂದು ಬದಿಗೆ ಜಾರಿ ಇನ್ನೊಂದು ಬದಿ ಬೋಳಾಗಿ ಉಳಿಯುತ್ತದೆ. ಸರಿದಷ್ಟೂ ಬೆಲೆ ಹೆಚ್ಚು, ಆದರೆ ಇಸವಿ ಉಳಿದಿದ್ದರೆ ಮಾತ್ರ. ಅರ್ಧ ಜಾರಿ ಇಸವಿಯೂ ಕಾಣುವ ನಾಣ್ಯಕ್ಕೂ, ಅಷ್ಟೇ ಜಾರಿ ಇಸವಿ ಮಾಯವಾದ ನಾಣ್ಯಕ್ಕೂ ಬೆಲೆಯಲ್ಲಿ ಬಹಳ ವ್ಯತ್ಯಾಸ. ನೂಲೆಳೆಯಷ್ಟು ಆಚೀಚೆ ಸರಿದದ್ದಕ್ಕೆ ಏನೂ ಇಲ್ಲ, ಅಂಥವು ನಿಮ್ಮ ಜೇಬಿನಲ್ಲೇ ನಾಲ್ಕಾರು ಇರುತ್ತವೆ.

ಇನ್ನು ನನಗೆ ಬಹಳ ಇಷ್ಟವಾದದ್ದು. ಅಚ್ಚಾದ ನಾಣ್ಯ ಹೊರಗೆ ಬೀಳದೆ ಮೇಲಿನ ಅಚ್ಚಿಗೇ ಅಂಟಿಕೊಂಡು ಕೂರುತ್ತದೆ. ಮುಂದಿನ ಬಿಲ್ಲೆ ಬರುತ್ತದೆ, ಏಟು ಬೀಳುತ್ತದೆ. ಆ ಬಿಲ್ಲೆಯ ಒಂದು ಬದಿಗೆ ತಾಗುವುದು ಅಚ್ಚಲ್ಲ, ಅಂಟಿಕೊಂಡ ನಾಣ್ಯ. ಪರಿಣಾಮವಾಗಿ ಎರಡು ಬದಿಯಲ್ಲೂ ಒಂದೇ ಚಿತ್ರ: ಒಂದು ಬದಿಯಲ್ಲಿ ಉಬ್ಬಿ, ಇನ್ನೊಂದು ಬದಿಯಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ, ತಗ್ಗಾಗಿ. ಇದನ್ನು ಬ್ರೊಕೇಜ್ ಎನ್ನುತ್ತಾರೆ. ಎರಡೂ ಕಡೆ ಉಬ್ಬಿದ ಒಂದೇ ಚಿತ್ರ ಇರುವ ನಾಣ್ಯ ಸಿಕ್ಕರೆ ಮಾತ್ರ ಹಿಗ್ಗಬೇಡಿ. ಬಹುಪಾಲು ಅದು ಜಾದೂಗಾರರಿಗೆಂದು ಎರಡು ನಾಣ್ಯಗಳನ್ನು ಕೊರೆದು ಜೋಡಿಸಿದ್ದು, ಅಂಚಿನ ಒಳಗೆ ಜೋಡಣೆಯ ಗೆರೆ ಇದೆಯೇ ನೋಡಿ.

ಇನ್ನೊಂದು ಪರೀಕ್ಷೆಗೆ ಸಾಮಾನೇ ಬೇಡ. ನಾಣ್ಯದ ಸಿಂಹದ ಬದಿ ನೆಟ್ಟಗೆ ನಿಮ್ಮೆದುರಿಗಿರಲಿ. ತಲೆಯನ್ನೂ ಬುಡವನ್ನೂ ಎರಡು ಬೆರಳಲ್ಲಿ ಹಿಡಿದು ಪುಟ ತಿರುಗಿಸುವಂತೆ ಅಡ್ಡಕ್ಕೆ ತಿರುಗಿಸಿ. ನಮ್ಮ ದೇಶದ ಈಗಿನ ನಾಣ್ಯಗಳಲ್ಲಿ ಹಿಂಬದಿಯೂ ನೆಟ್ಟಗೆ ಕಾಣಬೇಕು. ಅದು ಓರೆಯಾಗಿ ಅಥವಾ ತಲೆಕೆಳಗಾಗಿ ಬಂದರೆ ಎರಡು ಅಚ್ಚುಗಳಲ್ಲಿ ಒಂದು ಸಡಿಲವಾಗಿ ತಿರುಗಿತ್ತು ಎಂದರ್ಥ. ಸ್ವಲ್ಪ ಓರೆ ಇರುವವು ಬೇಕಾದಷ್ಟು ಸಿಗುತ್ತವೆ. ಪೂರ್ತಿ ತಲೆಕೆಳಗಾದದ್ದಕ್ಕೆ ಗಿರಾಕಿ ಇದ್ದಾರೆ. ಟೀವಿ ನೋಡುತ್ತಾ ನೂರು ನಾಣ್ಯ ಹೀಗೆ ತಿರುಗಿಸಬಹುದು.

ಗೆರೆ ಕಂಡರೆ ಉಗುರಿನಲ್ಲಿ ಮುಟ್ಟಿ ನೋಡಿ. ಅಚ್ಚು ಬಿರುಕು ಬಿಟ್ಟಿದ್ದರೆ ಆ ಬಿರುಕಿನೊಳಗೆ ಲೋಹ ನುಗ್ಗಿ ನಾಣ್ಯದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ. ಜೇಬಿನಲ್ಲಿ ಕೀಲಿಕೈ ಗೀರಿದ್ದರೆ ತಗ್ಗು ಗೆರೆ ಇರುತ್ತದೆ. ಉಬ್ಬಿದ್ದು ಟಂಕಸಾಲೆಯದು, ತಗ್ಗಿದ್ದು ನಮ್ಮ ನಿಮ್ಮದು, ಬಹುಪಾಲು ಈ ಲೆಕ್ಕ ತಪ್ಪುವುದಿಲ್ಲ.

ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ್ದು, ಸುತ್ತಿಗೆಯಿಂದ ಬಡಿದು ನಡುವಿನ ಬಿಲ್ಲೆ ಹೊರತೆಗೆದ ಹತ್ತು ರೂಪಾಯಿ, ಆಮ್ಲದಲ್ಲಿ ಅದ್ದಿ ತೆಳುವಾಗಿಸಿದ್ದು, ಚಿನ್ನದ ಬಣ್ಣ ಹೊಡೆಸಿದ್ದು ಇವೆಲ್ಲ 'ಅಪರೂಪದ ಎರರ್' ಎಂಬ ಹಣೆಪಟ್ಟಿಯಲ್ಲಿ ಆನ್‌ಲೈನಿನಲ್ಲಿ ಮಾರಾಟಕ್ಕಿವೆ. ಅವು ಹಾಳಾದ ನಾಣ್ಯಗಳು, ಅಷ್ಟೇ.

ಸ್ಮರಣಾರ್ಥ ನಾಣ್ಯಗಳು

ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ ಬಂದದ್ದು 1964ರಲ್ಲಿ, ನೆಹರೂ ತೀರಿಕೊಂಡ ವರ್ಷ. ಅವರ ನೆನಪಿಗೆ ಬಂದ 50 ಪೈಸೆಯಲ್ಲಿ ಎರಡು ಬಗೆ ಇವೆ, ಒಂದರಲ್ಲಿ ನೆಹರೂ ಹೆಸರು ಇಂಗ್ಲಿಷಿನಲ್ಲಿ, ಇನ್ನೊಂದರಲ್ಲಿ ಹಿಂದಿಯಲ್ಲಿ. ಅಲ್ಲಿಂದೀಚೆಗೆ ಬಂದವಕ್ಕೆ ಲೆಕ್ಕವಿಲ್ಲ. 2003ರ ಎರಡು ರೂಪಾಯಿಯಲ್ಲಿ ಕಂದೀಲು ಹಿಡಿದ ಆನೆಮರಿ ಭೋಲು, ರೈಲ್ವೆಗೆ 150 ವರ್ಷವಾದ ನೆನಪಿಗೆ. 2009ರ ಎರಡು ರೂಪಾಯಿಯಲ್ಲಿ ಅಂಧರ ಲಿಪಿ ರೂಪಿಸಿದ ಲೂಯಿ ಬ್ರೈಲ್. 2010ರಲ್ಲಿ ರಿಸರ್ವ್ ಬ್ಯಾಂಕಿಗೆ 75 ತುಂಬಿದಾಗ ಒಂದು, ಎರಡು, ಐದು, ಹತ್ತು ನಾಲ್ಕೂ ಬಂದವು. ನಮ್ಮವರಿಗೆ ಹತ್ತಿರವಾದದ್ದು 2006ರ ಬಸವೇಶ್ವರರ ಐದು ರೂಪಾಯಿ. ಕರ್ನಾಟಕದಲ್ಲಿ ಅದನ್ನು ಕಂಡವರು ಖರ್ಚು ಮಾಡದೆ ದೇವರ ಮನೆಯಲ್ಲಿಡುವುದುಂಟು, ಹಾಗಾಗಿ ಚಲಾವಣೆಯಲ್ಲಿ ಎದುರಾಗುವುದು ಕಡಿಮೆ. ಎದುರಾಗುವುದು ಕಡಿಮೆ ಎಂದಾಕ್ಷಣ ಬೆಲೆ ಹೆಚ್ಚು ಎಂದಲ್ಲ. ಎಲ್ಲರ ಮನೆಯಲ್ಲೂ ಒಂದೊಂದು ಇದ್ದರೆ ಕೊಳ್ಳುವವರು ಯಾರು?

ಚಲಾವಣೆಗೆ ಬಂದ ಸ್ಮರಣಾರ್ಥ ನಾಣ್ಯಗಳ ಬಹುಪಾಲು ಬೆಲೆ ಹತ್ತಿಪ್ಪತ್ತು ರೂಪಾಯಿಯಿಂದ ನೂರಿನ್ನೂರರ ಒಳಗೆ. ಮುಖಬೆಲೆಗೆ ಸಿಗುವಾಗ ಒಂದೊಂದು ಎತ್ತಿಡಲು ಇವಕ್ಕಿಂತ ಒಳ್ಳೆಯ ಸರಕಿಲ್ಲ, ಕೊಂಡು ಕೂಡಿಡಲು ಮಾತ್ರ ಲಾಯಕ್ಕಲ್ಲ. 100, 125, 150 ರೂಪಾಯಿ ಮುಖಬೆಲೆಯವು ಬೇರೆಯೇ ಜಾತಿ. ಅವು ಚಲಾವಣೆಗೆ ಬರುವುದೇ ಇಲ್ಲ, ಟಂಕಸಾಲೆ ಮುಖಬೆಲೆಗಿಂತ ಬಹಳ ಹೆಚ್ಚಿನ ದರಕ್ಕೆ ಡಬ್ಬಿ ಸಮೇತ ಮಾರುತ್ತದೆ.

ಬೇಡಿಕೆ ಎಂಬುದು ಸಂಗ್ರಾಹಕರಿಂದಲೇ ಬರಬೇಕೆಂದಿಲ್ಲ. 1960ರ ದಶಕದ ಕೊನೆಯಲ್ಲಿ ಬಂದ ಕಮಲದ 20 ಪೈಸೆ ಅಲ್ಯೂಮಿನಿಯಂ ಕಂಚಿನದು, ಹೊಸದರಲ್ಲಿ ಥೇಟ್ ಚಿನ್ನದಂತೆ ಹೊಳೆಯುತ್ತಿತ್ತು. ಜನ ಕೂಡಿಟ್ಟರು. ಈಗಲೂ ಲಕ್ಷ್ಮೀ ಪೂಜೆಗೆ ಬೇಕೆಂದು ಕೇಳಿ ಕೊಳ್ಳುವವರಿದ್ದಾರೆ. ಅದಕ್ಕಿಂತ ಅಪರೂಪವಾದ ಎಷ್ಟೋ ನಾಣ್ಯಗಳಿಗಿಲ್ಲದ ಗಿರಾಕಿ ಅದಕ್ಕಿದೆ.

ಹತ್ತು ರೂಪಾಯಿ ನಾಣ್ಯದ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. 2005 ಎಂದು ಇಸವಿ ಹೊತ್ತ ಮೊದಲ ನಾಣ್ಯಗಳು ಜನರ ಕೈಗೆ ಬಂದದ್ದು 2009ರಲ್ಲಿ. ₹ ಚಿಹ್ನೆ ಇಲ್ಲದ್ದು, ಹದಿನೈದು ಗೆರೆಯದು, ಹತ್ತು ಗೆರೆಯದು ಎಂದು ವಿನ್ಯಾಸಗಳು ಬದಲಾದ ಹಾಗೆ 'ಇದು ನಕಲಿ' ಎಂಬ ಗುಲ್ಲೆದ್ದು ಅಂಗಡಿಯವರು ತೆಗೆದುಕೊಳ್ಳುವುದನ್ನೇ ಬಿಟ್ಟರು. ಅಲ್ಲಿಯವರೆಗೆ ಬಂದ ಹದಿನಾಲ್ಕು ವಿನ್ಯಾಸಗಳೂ ಅಸಲಿ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಹೇಳಿಕೆ ಕೊಡಬೇಕಾಯಿತು. ಬೇರೆಯವರು ಬೇಡವೆಂದ ನಾಣ್ಯಗಳನ್ನು ಬಾಚಿಕೊಂಡು ವಿನ್ಯಾಸ, ಇಸವಿ, ಗುರುತು ಎಂದು ಜೋಡಿಸಲು ಸಂಗ್ರಾಹಕರಿಗೆ ಸುಗ್ಗಿಯೇ ಆಯಿತು. 50 ಪೈಸೆಯದೂ ಇದೇ ಪಾಡು. ಕಾನೂನಿನ ಪ್ರಕಾರ ಇನ್ನೂ ಚಲಾವಣೆಯಲ್ಲಿದೆ, ಅಂಗಡಿಯಲ್ಲಿ ನಡೆಯುವುದಿಲ್ಲ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು ಮಾತ್ರ 2011ರ ಜೂನ್ 30ಕ್ಕೆ ನಿಜಕ್ಕೂ ಮುಗಿದವು.

ತಿಕ್ಕಬೇಡಿ

ಒಂದೇ ಇಸವಿ, ಒಂದೇ ಗುರುತಿನ ಎರಡು ನಾಣ್ಯಗಳಲ್ಲಿ ಒಂದಕ್ಕೆ ಐದು ರೂಪಾಯಿ, ಇನ್ನೊಂದಕ್ಕೆ ಐನೂರು ಇರಬಹುದು. ಕಾರಣ ಸವೆತ. ಟಂಕಸಾಲೆಯಿಂದ ಬಂದಾಗಿನ ಹೊಳಪು ಪೂರ್ತಿ ಉಳಿದದ್ದನ್ನು ಯುಎನ್‌ಸಿ (ಅನ್‌ಸರ್ಕ್ಯುಲೇಟೆಡ್, ಅಂದರೆ ಚಲಾವಣೆಯಾಗದ್ದು) ಎನ್ನುತ್ತಾರೆ, ಅದರ ಕೆಳಗೆ ಎಕ್ಸ್‌ಎಫ್ (ಎಕ್ಸ್‌ಟ್ರೀಮ್ಲಿ ಫೈನ್), ವಿಎಫ್ (ವೆರಿ ಫೈನ್), ಫೈನ್ ಹೀಗೆ ಮೆಟ್ಟಿಲಿಳಿಯುತ್ತದೆ. ಸವೆತ ನೋಡಲು ಅತಿ ಎತ್ತರದ ಜಾಗ ಹುಡುಕಿ. ನಮ್ಮ ನಾಣ್ಯಗಳಲ್ಲಿ ನಡುವಿನ ಸಿಂಹದ ಮೂಗು, ಎದೆಯ ಕೇಸರ ಮೊದಲು ನುಣ್ಣಗಾಗುತ್ತವೆ. ದೀಪದ ಕೆಳಗೆ ನಾಣ್ಯವನ್ನು ನಿಧಾನ ಓಲಾಡಿಸಿ, ಹೊಳಪು ಸುತ್ತುಗಾಲಿಯ ಕಡ್ಡಿಗಳಂತೆ ತಿರುಗಿದರೆ ಅದು ಟಂಕಸಾಲೆಯ ಮೂಲ ಹೊಳಪು. ಎಲ್ಲೆಡೆ ಒಂದೇ ಸಮ ಥಳಥಳಿಸಿದರೆ ಯಾರೋ ತಿಕ್ಕಿದ್ದಾರೆ.

ಹುಣಸೆಹಣ್ಣು, ನಿಂಬೆ, ಹಲ್ಲುಜ್ಜುವ ಪೇಸ್ಟು ಯಾವುದೂ ಬೇಡ. ಹಿತ್ತಾಳೆ ಪಾತ್ರೆಗೆ ಮಾಡುವುದನ್ನು ನಾಣ್ಯಕ್ಕೆ ಮಾಡಿದರೆ ಮೇಲ್ಪದರವೇ ಹೋಗುತ್ತದೆ, ಜೊತೆಗೆ ಬೆಲೆಯೂ. ಕುಂಕುಮ, ಎಣ್ಣೆ ಮೆತ್ತಿದ್ದರೆ ನೀರಲ್ಲಿ ನೆನೆಸಿ, ತಿಕ್ಕದೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ತೇವ ತೆಗೆಯಿರಿ. ಹಿಡಿಯುವಾಗ ಅಂಚು ಹಿಡಿಯಿರಿ, ಬೆವರಿನ ಹೆಬ್ಬೆಟ್ಟು ತಾಮ್ರದ ಮೇಲೆ ಶಾಶ್ವತ. ಮೆದುವಾದ ಪಿವಿಸಿ ಹಾಳೆಯ ಅಗ್ಗದ ಆಲ್ಬಂಗಳು ವರ್ಷಗಳ ನಂತರ ನಾಣ್ಯದ ಮೇಲೆ ಹಸಿರು ಅಂಟು ಬಿಡುತ್ತವೆ. ಕರಾವಳಿಯವರಾದರೆ ಇನ್ನೂ ಬೇಗ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಮಾರುವ ಮಾತು

2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಒಂದು ಎಚ್ಚರಿಕೆ ಹೊರಡಿಸಿತು. ಹಳೆಯ ನಾಣ್ಯ, ನೋಟು ಕೊಳ್ಳುವುದಾಗಿ ಹೇಳಿ ತನ್ನ ಹೆಸರು, ಲಾಂಛನ ಬಳಸಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರ ಮಾತು ನಂಬಬೇಡಿ, ತಾನು ಇಂಥ ವ್ಯವಹಾರ ಮಾಡುವುದೇ ಇಲ್ಲ ಎಂದು. ಮೋಸದ ವರಸೆ ಎಲ್ಲ ಕಡೆ ಒಂದೇ. ನಿಮ್ಮ ನಾಣ್ಯದ ಫೋಟೊಗೆ ಮೂವತ್ತು ಲಕ್ಷ ಎನ್ನುತ್ತಾರೆ, ನಂತರ ನೋಂದಣಿಗೆ ಒಂದೆರಡು ಸಾವಿರ, ಆಮೇಲೆ ಜಿಎಸ್‌ಟಿ, ಆಮೇಲೆ 'ವಿಮೆ'. ಮಾರುವವನೇ ಮೊದಲು ದುಡ್ಡು ಕಟ್ಟಬೇಕಾದ ವ್ಯಾಪಾರ ಯಾವುದೂ ಇಲ್ಲ. ಜಾಲತಾಣದಲ್ಲಿ ಒಬ್ಬ ಹತ್ತು ಲಕ್ಷ ಎಂದು ಬೆಲೆ ಹಾಕಿದ್ದಾನೆ ಎನ್ನುವುದೂ ಆಧಾರವಲ್ಲ, ಬೆಲೆ ಹಾಕಲು ಕಾಸು ಖರ್ಚಿಲ್ಲ. ಹೆಸರಿರುವ ಹರಾಜು ಸಂಸ್ಥೆಗಳು ಮಾರಾಟ ಮುಗಿದ ಮೇಲೆ ಪ್ರಕಟಿಸುವ ದರವನ್ನು ಮಾತ್ರ ನೋಡಿ.

ಬೆಂಗಳೂರಿನಲ್ಲಿ ನಾಣ್ಯ ಸಂಘಗಳ ಪ್ರದರ್ಶನ, ಮೇಳಗಳು ಆಗಾಗ ನಡೆಯುತ್ತವೆ. ಕನ್ನಡನಾಡು ನಾಣ್ಯ ಸಂಘದ 'ನಾಣ್ಯದರ್ಶಿನಿ' ಅಂಥದ್ದೊಂದು. ಒಂದು ಮಧ್ಯಾಹ್ನ ಅಲ್ಲಿ ಮೇಜಿಂದ ಮೇಜಿಗೆ ಅಲೆದರೆ ಯಾವುದು ನಿಜಕ್ಕೂ ಕೈ ಬದಲಾಯಿಸುತ್ತದೆ ಎಂದು ಕಣ್ಣಾರೆ ತಿಳಿಯುತ್ತದೆ. ಒಂದೇ ನಾಣ್ಯವನ್ನು ಇಬ್ಬರು ಮೂವರು ವ್ಯಾಪಾರಿಗಳಿಗೆ ತೋರಿಸಿ. ಅವರು ಕೊಳ್ಳುವ ದರ ಮಾರುವ ದರಕ್ಕಿಂತ ಸಾಕಷ್ಟು ಕಡಿಮೆಯೇ ಇರುತ್ತದೆ, ಅದರಲ್ಲಿ ಮೋಸವೇನಿಲ್ಲ, ಅವರ ಬದುಕು ಆ ಅಂತರದಲ್ಲೇ ನಡೆಯಬೇಕು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ, ಹಿಂದಿನ ಕಾರ್ಪೊರೇಷನ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯವೂ ಕಣ್ಣು ಪಳಗಿಸಲು ಒಳ್ಳೆಯ ಜಾಗ.

ಚಿಲ್ಲರೆ ಜಾಲಾಡಲು ಶುರುಮಾಡಿದವರು ಸ್ವಲ್ಪ ದಿನಕ್ಕೇ ಅಜ್ಜಿಯ ಡಬ್ಬಿಗೂ ಕೈ ಹಾಕುತ್ತಾರೆ. ಅಲ್ಲಿ ಬೇರೆ ಲೆಕ್ಕ. ಆರನೇ ಜಾರ್ಜ್‌ನ ರೂಪಾಯಿ 1940ರಿಂದ ಅರ್ಧ ಬೆಳ್ಳಿ, ಅದಕ್ಕೂ ಮುಂಚಿನವು ನೂರಕ್ಕೆ ತೊಂಬತ್ತೊಂದು ಭಾಗಕ್ಕಿಂತ ಹೆಚ್ಚು ಬೆಳ್ಳಿ. ಹಿಂಬದಿಯಲ್ಲಿ ಹುಲಿ ಇರುವ 1947ರ ರೂಪಾಯಿ ಮಾತ್ರ ನಿಕಲ್, ಆಯಸ್ಕಾಂತಕ್ಕೆ ಟಕ್ಕನೆ ಅಂಟುತ್ತದೆ. 1939ರ ರೂಪಾಯಿ ಬಹಳ ಅಪರೂಪ, ಆದ್ದರಿಂದಲೇ ಅದರ ನಕಲಿಗಳು ತುಂಬ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆಗೆ ಸೊಂಡಿಲು ಗಿಡ್ಡವಾಗಿ ಹಂದಿಯಂತೆ ಕಂಡು ಗದ್ದಲವಾಯಿತು, ಮರುವರ್ಷ ಅಚ್ಚು ತಿದ್ದಿದರು. ಸಂಗ್ರಾಹಕರಿಗೆ ಅದು ಇಂದಿಗೂ 'ಪಿಗ್ ರೂಪಾಯಿ'. ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಟಿಪ್ಪುವಿನ ಆನೆ ಪೈಸೆ, ಮುಮ್ಮಡಿ ಕೃಷ್ಣರಾಜರ ಕಾಲದ 'ಮಯಿಲಿ ಕಾಸು' ಎಂದು ಕನ್ನಡದಲ್ಲೇ ಬರೆದ ತಾಮ್ರದ ಬಿಲ್ಲೆಗಳೂ ಸಿಗಬಹುದು. ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕ ಗಂಟಾದರೆ 1878ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಇನ್ನು ನೂರು ವರ್ಷ ದಾಟಿದ ನಾಣ್ಯವನ್ನು 1972ರ ಕಾಯ್ದೆ ಪುರಾತನ ವಸ್ತು ಎಂದೇ ಎಣಿಸುತ್ತದೆ. ಮನೆಯಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಆದರೆ ಅಮೆರಿಕದಲ್ಲಿರುವ ಮಗಳಿಗೋ ಮೊಮ್ಮಗನಿಗೋ ನೆನಪಿಗಿರಲಿ ಎಂದು ಸೂಟ್‌ಕೇಸಿನಲ್ಲಿ ಹಾಕಿ ಕಳಿಸುವ ಮುನ್ನ ಇಸವಿ ನೋಡಿ, ಅಂಥದ್ದನ್ನು ದೇಶದ ಹೊರಗೆ ಒಯ್ಯುವಂತಿಲ್ಲ.